ದೋಟಿ ತುದಿಗೆ ಕ್ಯಾಮೆರಾ ಕಟ್ಟಿದ ಕಥೆ

ಅಂಗಳದ ತುಂಬ ಅಡಿಕೆ ಹರಡಿದಾಗ ಅದನ್ನ ಮೇಲಿಂದ ಒಂದ್ಸಲ ಫೋಟೋ ತೆಗೀಬೇಕು ಅಂತ ನಂಗೆ ಬಹಳ ದಿನದ ಆಸೆ. ಡ್ರೋನಿಗೆ ದುಡ್ಡಿಲ್ಲ, ಇದ್ರೂ ನಮ್ಮ ತೋಟದ ಮಧ್ಯೆ ಮೊದಲ ದಿನಾನೇ ಸೋಗೆಗೆ ಸಿಕ್ಕಾಕೊಂಡು ಕೂತಿರತ್ತೆ ಬಿಡಿ.

ಮೊದಲು ಬಿದಿರಿನ ಗಳ ಕಡಿದೆ, 20 ಅಡಿದು, ಎತ್ತಿ ನಿಲ್ಸೋಕೇ ಇಬ್ಬರು ಬೇಕಾಯ್ತು. ಆಮೇಲೆ ಪಿವಿಸಿ ಪೈಪು, ಅದು ಗಾಳದ ಕೋಲಿನ ಥರ ಬಾಗಿ ಕ್ಯಾಮೆರಾ ವಾಪಸ್ ನನ್ನ ತಲೆ ಹತ್ರಾನೇ ಬಂತು. ಆಗ್ಲೇ ಹೊಳೆದಿದ್ದು, ಕೆಳಗೆ ನಿಂತೇ ಅಡಿಕೆ ಗೊನೆ ಕೊಯ್ಯೋ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ, ಕೊಯ್ಯೋ ಕೊನೆಗಾರ ಬರದ ದಿನ ಕೊಟ್ಟಿಗೆಲಿ ಸುಮ್ನೆ ಬಿದ್ದಿರತ್ತಲ್ಲ! ಒಂದೊಂದೇ ತುಂಡು ಎಳೆದು ಲಾಕ್ ಮಾಡಿದ್ರೆ 40 ಅಡಿ, ಒಬ್ಬನೇ ಎತ್ತಬಹುದು.

ಕತ್ತಿ ಸಿಕ್ಕಿಸೋ ತುದಿಗೆ ಅಲ್ಯೂಮಿನಿಯಂ ಎಲ್ ಪಟ್ಟಿ ಇಟ್ಟು ಎರಡು ಹೋಸ್ ಕ್ಲಾಂಪ್ ಬಿಗಿದೆ. ಒಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಲೇಬೇಕು, ಇಲ್ಲಾಂದ್ರೆ ಕ್ಲಾಂಪ್ ಕಚ್ಚಿ ದೋಟಿನೇ ಸೀಳತ್ತೆ, ಆಮೇಲೆ ಅಪ್ಪನಿಗೆ ಉತ್ತರ ಹೇಳೋರು ಯಾರು. ಕ್ಯಾಮೆರಾ ಅಡಿಲಿರೋ ಟ್ರೈಪಾಡ್ ತೂತಿಗೆ ನಾನು ಮೊದಲು ತಂದಿದ್ದು 6 ಎಂಎಂ ಬೋಲ್ಟು, ಲೊಡಲೊಡ ಅಂತ ಹೋಗಿ ಅರ್ಧಕ್ಕೇ ನಿಂತ್ಕೊಳ್ತು. ಅದಕ್ಕೆ ಬೇಕಾಗಿದ್ದು ಕಾಲು ಇಂಚಿಂದು, ಇಂಚಿಗೆ 20 ಎಳೆ ಇರೋದು. ಒಂದೇ ಬೋಲ್ಟ್ ಮೇಲೆ ಕ್ಯಾಮೆರಾ ಮೆಲ್ಲಗೆ ತಿರುಗ್ತಾ ಹೋಗತ್ತೆ, ಮೊದಲ ಸಲ 60 ಫೋಟೋದಲ್ಲಿ ಮುಕ್ಕಾಲು ಪಾಲು ಪಕ್ಕದ ಗದ್ದೆದು. ಪಟ್ಟಿ ಅಂಚನ್ನ ಸ್ವಲ್ಪ ಮೇಲಕ್ಕೆ ಮಡಿಸಿ ಕ್ಯಾಮೆರಾಗೆ ಆನಿಸಿದ ಮೇಲೆ ಸರಿಹೋಯ್ತು. ಜೊತೆಗೆ ನೈಲಾನ್ ದಾರದ ಒಂದು ಗಂಟು, ಬಿದ್ರೂ ನೇತಾಡ್ಲಿ ಅಂತ.

ಇನ್ನು ಕರೆಂಟ್ ಲೈನು. ಫೈಬರ್ ಅಂದ ಕೂಡ್ಲೇ ಪ್ಲಾಸ್ಟಿಕ್ ಥರ ಅನ್ಕೋಬೇಡಿ, ಕಾರ್ಬನ್ನಲ್ಲಿ ಕರೆಂಟ್ ಹರಿಯತ್ತೆ, ಬೆಳಗ್ಗೆ ಇಬ್ಬನಿಲಿ ಒದ್ದೆ ಆದ್ರಂತೂ ಕೇಳೋದೇ ಬೇಡ. ಕೋಲು ಯಾವ ಕಡೆ ಬಿದ್ರೂ ತಂತಿಗೆ ತಾಗಬಾರದು, ಅಂದ್ರೆ 40 ಅಡಿ ಕೋಲಿಗೆ ತಂತಿ 40 ಅಡಿಗಿಂತ ಚೆನ್ನಾಗೇ ದೂರ ಇರ್ಬೇಕು. ನಮ್ಮನೆಗೆ ಬರೋ ಸರ್ವಿಸ್ ವೈರ್ ಮುಂದ್ಗಡೆಯಿಂದಾನೇ ಇದೆ, ಹಂಗಾಗಿ ನಾನು ಅನ್ಕೊಂಡಿದ್ದ ಮುಂಭಾಗದ ಫೋಟೋ ಬಿಟ್ಟೇಬಿಟ್ಟೆ, ಹಿಂದ್ಗಡೆ ಗೊಬ್ಬರಗುಂಡಿ ಪಕ್ಕ ನಿಂತು ತೆಗೆದೆ.

ಮೇಲೆ ಹೋದ ಕ್ಯಾಮೆರಾ 150 ಗ್ರಾಂ ಇದ್ರೂ ಕೋಲು ಚೂರು ಓರೆ ಆದ್ರೆ ಸಾಕು, ಭುಜ ಕಿತ್ಕೊಂಡು ಬರತ್ತೆ, ಬುಡ ನೆಲಕ್ಕೇ ಊರಿರ್ಬೇಕು. ತುದಿ ತೂಗಾಡೋದು ನಿಲ್ಲೋದೇ ಇಲ್ಲ, ಶಟರ್ 1/1000 ಸೆಕೆಂಡಿಗೆ ಇಟ್ಟು 2 ಸೆಕೆಂಡಿಗೊಂದು ತಾನಾಗೇ ಹೊಡಿಯೋ ಹಾಗೆ ಬಿಟ್ಟು ಕೋಲನ್ನ ನಿಧಾನ ತಿರುಗಿಸ್ತಾ ಹೋದೆ. ನೂರರಲ್ಲಿ ಐದಾರು ಚೆನ್ನಾಗಿ ಬಂದ್ವು.

ಅಪ್ಪನಿಗೆ ತೋರ್ಸಿದೆ. ಅಡಿಕೆ ನೋಡ್ಲೇ ಇಲ್ಲ, ಎರಡು ಬೆರಳಲ್ಲಿ ಮನೆ ಮಾಡನ್ನ ದೊಡ್ಡದು ಮಾಡ್ಕೊಂಡು, "ಈ ಮೂಲೆ ಹಂಚು ಯಾವಾಗ ಒಡೀತೋ" ಅಂದ್ರು.