ತೋಟದ ಕಪ್ಪೆಗಳನ್ನು ಹುಡುಕುವುದು ಹೇಗೆ: ನನ್ನ ಅನುಭವ

ಮಳೆ ಹಿಡಿದ ರಾತ್ರಿ ಕಪ್ಪೆ ಕೂಗುವುದು ಮಲೆನಾಡಿನ ಎಲ್ಲರಿಗೂ ಕೇಳಿಸುತ್ತದೆ. ಕೂಗಿದ ಕಪ್ಪೆಯನ್ನು ಕಣ್ಣಾರೆ ನೋಡಿದವರು ಕಡಿಮೆ. ನಮ್ಮ ಮನೆ ಸಿದ್ದಾಪುರ ತಾಲೂಕಿನಲ್ಲಿದೆ. ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ಅಂಚಿಗೆ ಹಳ್ಳ. ಕೆಲವು ಮಳೆಗಾಲದಿಂದ ಇಲ್ಲಿನ ಕಪ್ಪೆಗಳನ್ನು ಹುಡುಕಿ ಬರೆದಿಡುತ್ತಿದ್ದೇನೆ.

ಮೊದಲು ಕಿವಿ, ಆಮೇಲೆ ಟಾರ್ಚ್. ಕತ್ತಲಾದ ಮೇಲೆ ಒಂದು ಕಡೆ ನಿಂತು, ಬೆಳಕು ಆರಿಸಿ ಸುಮ್ನೆ ಕೇಳಬೇಕು. ಮೊದಮೊದಲು ಎಲ್ಲ ಒಂದೇ ಗದ್ದಲ. ಸ್ವಲ್ಪ ಹೊತ್ತಿಗೆ ದನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ನೀರಿನ ಪಕ್ಕದ್ದು ಯಾವುದು, ಮಂಡಿಯೆತ್ತರದ ಪೊದೆಯದ್ದು ಯಾವುದು, ತಲೆಯ ಮೇಲಿನ ಕೊಂಬೆಯದ್ದು ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಒಂದೊಂದು ಜಾತಿಗೂ ಕೂಗಲು ಅದರದೇ ಜಾಗ ಇದೆ.

ಪೊದೆಗಪ್ಪೆಗಳದ್ದೇ ಕಷ್ಟ. ಎರಡು ಮೂರು ಸೆಂಟಿಮೀಟರ್ ಪ್ರಾಣಿ, ದನಿ ಮಾತ್ರ ಜೋರು. ಎಲ್ಲಿಂದ ಬರುತ್ತಿದೆ ಅಂತ ಒಬ್ಬರಿಗೆ ತಿಳಿಯುವುದೇ ಇಲ್ಲ. ಹತ್ತಿರ ಹೋದರೆ ಗಪ್‌ಚುಪ್. ಅದಕ್ಕೆ ತಂಗಿಯ ಮಗನನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ಒಬ್ಬರಿಂದ ಒಬ್ಬರು ನಾಲ್ಕು ಮಾರು ದೂರ ನಿಂತು, ದನಿ ಬಂದ ಕಡೆಗೆ ಒಟ್ಟಿಗೇ ಟಾರ್ಚ್ ಹಿಡಿಯುತ್ತೇವೆ. ಎರಡು ಬೆಳಕು ಸೇರಿದ ಕಡೆ ಹುಡುಕಬೇಕು. "ಮಾವ, ಎಲೆ ಅಡಿಗೆ ನೋಡಿ, ಗಂಟಲು ಉಬ್ಬಿಸ್ತಾ ಇದೆ" ಎಂದು ಅವನೇ ಮೊದಲು ಕಂಡುಹಿಡಿಯುವುದು ಜಾಸ್ತಿ.

ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಅವಕ್ಕೆ ನೀರಿನ ಗುಂಡಿಗಿಂತ ತೇವದ ದರಕು (ಉದುರಿದ ಎಲೆ), ಪೊದೆಗಳೇ ಮುಖ್ಯ. ಅದಕ್ಕೇ ಬೆಟ್ಟದ ಕೆಳಗಿನ ಒಂದು ಪಟ್ಟಿಯಲ್ಲಿ ದರಕು ಗುಡಿಸುವುದನ್ನೂ ಪೊದೆ ಸವರುವುದನ್ನೂ ನಿಲ್ಲಿಸಿದ್ದೇವೆ.

ಮಲಬಾರ್ ಹಾರುವ ಕಪ್ಪೆಗೆ ನೀರು ಬೇಕೇ ಬೇಕು. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಚರ್ಮ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ, ಹಾಲು ಕರೆದಾಗ ಚೆಂಬಿನಲ್ಲಿ ಏಳುವ ನೊರೆಯಂಥ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ಗುಂಡಿಯ ಮೇಲಿನ ಕೊಂಬೆ ಕಡಿದರೆ ಅದಕ್ಕೆ ಗೂಡಿನ ಜಾಗವೇ ಹೋಯಿತು, ಅಲ್ವಾ?

ನನಗೆ ಅತಿ ಇಷ್ಟವಾದದ್ದು ಕುಂಬಾರ ಕಪ್ಪೆ. ಕಪ್ಪೆಗಳ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಜಾತಿ ಎಂದು ಪ್ರಕಟಿಸಿದರು. ನಮ್ಮ ಕಡೆಯ ಕತ್ತಲೆಕಾನು ಎಂಬ ಕಾಡಿನ ಹಳ್ಳಗಳು ಇದರ ನೆಲೆ. ನೆರಳಿನ ಹಳ್ಳದ ಆಳವಿಲ್ಲದ ನೀರಲ್ಲಿ ಕೂತು ಟೊಕ್ ಟೊಕ್ ಎನ್ನುತ್ತದೆ. ನೀರಿನಿಂದ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಳ್ಳದ ಕೆಸರನ್ನು ಮುಂಗೈಯಲ್ಲಿ ತೆಗೆದು, ಹಿಂಗಾಲ ಮೇಲೆ ನಿಂತು ಮೊಟ್ಟೆಗೆ ಮೆತ್ತುತ್ತದೆ. ಇಂಥದ್ದನ್ನು ನೋಡಬೇಕಾದರೆ ದೂರ ಕೂರಬೇಕು. ಟಾರ್ಚ್‌ಗೆ ಕೆಂಪು ಕಾಗದ ಕಟ್ಟಿ ಮಂದ ಬೆಳಕು ಮಾಡಿಕೊಳ್ಳುತ್ತೇನೆ. ಹಳ್ಳಕ್ಕೆ ಬಿದ್ದ ಒಣ ಕೊಂಬೆಗಳನ್ನು ಈಗ ಎತ್ತಿ ಹಾಕುವುದಿಲ್ಲ.

ಉಂಬಳ (ಜಿಗಣೆ) ಹತ್ತದಿರಲಿ ಎಂದು ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಕಪ್ಪೆಯನ್ನು ಮುಟ್ಟಲೇಬಾರದು. ಅದು ಚರ್ಮದಿಂದಲೂ ಉಸಿರಾಡುತ್ತದೆ, ಕೈಯಲ್ಲಿದ್ದದ್ದು ಅದರ ಮೈಗೆ ಇಳಿಯುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ಗೊದಮೊಟ್ಟೆಗೆ ವಿಷ. ಔಷಧಿ ಬಿಡುವಂತಿಲ್ಲ, ಬಿಟ್ಟರೆ ಬೆಳೆ ಕೈಗೆ ಹತ್ತುವುದಿಲ್ಲ. ಆದರೆ ಡ್ರಮ್, ಪಂಪು ತೊಳೆದ ನೀರು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಇನ್ನೊಂದು ಮಾತು: ಎಲೆ ಸರಿಸುವ ಮೊದಲು ಬೆಳಕು ಬಿಟ್ಟು ನೋಡಿ. ಕಪ್ಪೆ ಇರುವಲ್ಲಿ ಗುಳಿಮಂಡಲ ಎಂಬ ವಿಷದ ಹಾವೂ ಕೂತಿರುತ್ತದೆ.

ಕಪ್ಪೆಯ ದೂರದ ನೆಂಟ, ಬಾಲವಿರುವ ಸಾಲಮಾಂಡರ್ ಸಿಗುತ್ತದಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಘಟ್ಟದಲ್ಲಿ ಇಲ್ಲ. ಅದರ ಬಳಗದ ನ್ಯೂಟ್ ನೋಡಬೇಕಾದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು.

ದನಿಯನ್ನು ಮೊಬೈಲಿನಲ್ಲಿ ಮುದ್ರಿಸುವಾಗ ತಾರೀಕು, ಹೊತ್ತು, ಜಾಗ, ಎತ್ತರ ಬಾಯಲ್ಲೇ ಹೇಳಿಬಿಡುತ್ತೇನೆ. ಒದ್ದೆ ಕೈಯಲ್ಲಿ ಬರೆಯಲು ಆಗುವುದಿಲ್ಲ. ಫೋಟೋ ಒಂದನ್ನೇ ನಂಬಬೇಡಿ. ಪೊದೆಗಪ್ಪೆಗಳಲ್ಲಿ ಒಂದೇ ಜಾತಿಯೊಳಗೂ ಬಣ್ಣ ಬೇರೆಬೇರೆ ಇರುತ್ತದೆ, ಬಲ್ಲವರು ಮೊದಲು ಕೇಳುವುದು ದನಿ ಇದೆಯಾ ಅಂತಲೇ.