ಎರೆಮಣ್ಣಿನ ಊರಲ್ಲಿ ಮಳೆತೋಟ: ನಾನು ಮಾಡಿದ ರೀತಿ

ಮಳೆ ಶುರುವಾದ ಮೇಲೆ ಮೊದಲ ಕಾಲು ಗಂಟೆ ಹರಿಯುವ ನೀರಿದೆಯಲ್ಲ, ಹಿಡಿಯಬೇಕಾದದ್ದು ಅದನ್ನು. ಉಳಿದದ್ದು ಚರಂಡಿಗೆ ಹೋದರೆ ಹೋಗಲಿ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮಳೆತೋಟ (ಹರಿದು ಬಂದ ಮಳೆ ನೀರು ನಿಂತು ಸೋಸಿ ಹೋಗಲಿ ಅಂತ ತಗ್ಗು ತೋಡಿ, ಮರಳು ತುಂಬಿ, ಗಿಡ ಹಾಕಿದ ಜಾಗ) ಅಂದ ಕೂಡಲೇ ಎಲ್ಲರೂ ಕೇಳೋದು ಬೋರ್‌ವೆಲ್ ಬಗ್ಗೆ. ಎಷ್ಟು ನೀರು ಇಂಗುತ್ತೆ, ಬೋರಲ್ಲಿ ನೀರು ಎಷ್ಟು ಅಡಿ ಮೇಲೆ ಬರುತ್ತೆ ಅಂತ. ದಾವಣಗೆರೆಯ ಎರೆಮಣ್ಣಿನಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ಇಲ್ಲಿ ಮಳೆತೋಟದ ಕೆಲಸ ಬೇರೆ. ಹೊಲಸು ನೀರನ್ನು ತಡೆದು, ಸೋಸಿ, ನಿಧಾನಕ್ಕೆ ಬಿಡೋದು.

ನಾನು ಊರಲ್ಲಿ ಮನೆ ಪ್ಲಾನ್ ಹಾಕಿಕೊಡೋದು, ಕಟ್ಟಡದ ಮೇಲುಸ್ತುವಾರಿ ಮಾಡೋದು, ಇಂಥ ಕೆಲಸ ಮಾಡಿಕೊಂಡಿರೋನು. ಮಳೆತೋಟ ಮಾಡಿದ್ದು ನಮ್ಮ ಭಾವನ ಕಟ್ಟಡದ ಮುಂದೆ. ಕೆಳಗೆ ಬೈಕ್ ರಿಪೇರಿ ಅಂಗಡಿ, ಒಂದು ಜೆರಾಕ್ಸ್ ಅಂಗಡಿ, ಮೇಲೆ ಎರಡು ಮನೆ. ಮುಂದೆ ಪೂರ್ತಿ ಕಾಂಕ್ರೀಟ್ ಅಂಗಳ. ಮಳೆ ಬಂದರೆ ಛಾವಣಿ ನೀರು, ಅಂಗಳದ ನೀರು, ಬೈಕ್ ಅಂಗಡಿಯ ಆಯಿಲ್, ಗ್ರೀಸು, ಧೂಳು ಎಲ್ಲ ಸೇರಿ ನೇರ ಚರಂಡಿಗೆ. ದಾವಣಗೆರೆಯಲ್ಲಿ ಇಂಥ ಅಂಗಳ ಎಷ್ಟಿಲ್ಲ ಹೇಳಿ.

ಈ ಹೊಲಸು ಕೊನೆಗೆ ಸಮುದ್ರದ ಕಡೆ ಹೋಗುತ್ತೆ, ಇಲ್ಲೇ ತಡೆಯೋಣ ಅಂತ ನಾನು ಹೇಳಿದಾಗ ಭಾವ ನಕ್ಕುಬಿಟ್ಟರು. "ಸಮುದ್ರ ನೋಡಬೇಕಂದ್ರೆ ನಾವು ಮಂಗಳೂರು ಬಸ್ ಹತ್ತಬೇಕು ಕಣಪ್ಪಾ. ನೀನು ಸಮುದ್ರ ಉಳಿಸೋಕೆ ನನ್ನ ಅಂಗಳ ಅಗೀತೀನಿ ಅಂತೀಯಲ್ಲ!" ಅಂದರು. ತಮಾಷೆಯೇನೋ ಸರಿ. ಆದರೆ ನಮ್ಮ ಊರಿನ ನೀರು ಮಂಗಳೂರಿನ ಕಡೆ ಹೋಗಲ್ಲ, ಪೂರ್ವಕ್ಕೆ ಹೋಗುತ್ತೆ. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ತುಂಗಭದ್ರೆಗೆ, ಹೊಸಪೇಟೆ ಡ್ಯಾಂ ದಾಟಿ, ಮುಂದೆ ಕೃಷ್ಣೆಗೆ ಸೇರಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು, ಕೊನೆಗೆ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ. ಆ ನದಿ ಮುಖಜ ಭೂಮಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೆ, ಮೀನುಗಾರರ ಊರುಗಳಿವೆ. ನಮ್ಮ ಅಂಗಳದ ಹೂಳೆಲ್ಲ ಅಲ್ಲಿಗೆ ಮುಟ್ಟುತ್ತೆ ಅಂತ ಹೇಳಲ್ಲ. ಬಹುಪಾಲು ದಾರಿಯಲ್ಲಿ ಡ್ಯಾಂಗಳಲ್ಲೇ ಕೂರುತ್ತೆ. ಅದೂ ಒಳ್ಳೇದೇನಲ್ಲ. ತುಂಗಭದ್ರಾ ಜಲಾಶಯ ಶುರುವಿನಲ್ಲಿ 133 ಟಿಎಂಸಿ ಹಿಡೀತಿತ್ತು, ಈಗ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಅದರಲ್ಲಿ ಹೊಲದ ಮಣ್ಣೇ ಜಾಸ್ತಿ ಇರಬಹುದು, ಊರುಗಳದ್ದೂ ಪಾಲಿದೆ. ಆದರೆ ನೀರಲ್ಲಿ ಕರಗಿದ ನೈಟ್ರೇಟ್ (ಸಾರಜನಕದ ಲವಣ), ತೇಲುವ ಪ್ಲಾಸ್ಟಿಕ್ ಇವಕ್ಕೆ ಡ್ಯಾಂ ಪೂರ್ತಿ ಅಡ್ಡಿಯಾಗಲ್ಲ.

ಈ ಮಳೆತೋಟದ ವಿಧಾನ ಹುಟ್ಟಿದ್ದೂ ಸಮುದ್ರದ ನೀರಿನ ಚಿಂತೆಯಿಂದಲೇ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ 1990ರ ದಶಕದ ಶುರುವಿನಲ್ಲಿ ಇದನ್ನು ಮಾಡಿ ನೋಡಿದರು. ಅಲ್ಲಿನ ನೀರು ಹೋಗೋದು ಚೆಸಪೀಕ್ ಕೊಲ್ಲಿಗೆ. ಊರು, ಹೊಲಗಳಿಂದ ಬಂದ ಸಾರಜನಕ, ರಂಜಕದಿಂದ ಅಲ್ಲಿ ಪಾಚಿ ಉಕ್ಕಿ ಬೆಳೆಯುತ್ತೆ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತೆ, ಏಡಿ, ಸಿಂಪಿ, ಮೀನು ಉಸಿರುಗಟ್ಟುತ್ತವೆ. 2010ರಲ್ಲಿ ಆ ಕೊಲ್ಲಿಗೆ ಎಷ್ಟು ಸಾರಜನಕ, ರಂಜಕ, ಹೂಳು ಸೇರಬಹುದು ಅಂತ ಅಮೆರಿಕದ ಕೇಂದ್ರ ಸರ್ಕಾರವೇ ಮಿತಿ ಹಾಕಬೇಕಾಯ್ತು. ಫಿಲಡೆಲ್ಫಿಯಾ ಊರಿನವರು 2011ರಲ್ಲಿ ದೊಡ್ಡ ಪೈಪು, ಟ್ಯಾಂಕುಗಳಿಗೇ ದುಡ್ಡು ಸುರಿಯೋ ಬದಲು ಬೀದಿ ಬದಿಯ ಮಳೆತೋಟ, ಮರದ ಗುಂಡಿ, ನೀರು ಕುಡಿಯೋ ನೆಲಹಾಸು ಅಂತ 25 ವರ್ಷದ ಕಾರ್ಯಕ್ರಮ ಶುರು ಮಾಡಿದರು. ಪುಸ್ತಕಗಳಲ್ಲಿ ಸಿಗೋ ಡ್ರಾಯಿಂಗ್ ಎಲ್ಲ ಇಂಥ ಕಡೆಯವು. ಅವನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ಮಣ್ಣಲ್ಲಿ ಹಾಕಿದರೆ ಕೆಲಸ ಕೆಟ್ಟ ಹಾಗೇ.

ಮಣ್ಣಿನ ಪರೀಕ್ಷೆ ಸುಲಭ. ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೆಗೀರಿ, ನೀರು ತುಂಬಿ, ಕೋಲಿಗೆ ಗುರುತು ಹಾಕಿ, ಗಂಟೆಗೆ ಎಷ್ಟು ಇಳಿಯುತ್ತೆ ನೋಡಿ. ಗಂಟೆಗೆ ಅರ್ಧ ಇಂಚಾದರೂ ಇಳಿದರೆ ಇಂಗಿಸೋ ಮಾತಾಡಬಹುದು. ಆದರೆ ಎರೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗ್ತೀರಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿರುತ್ತೆ, ಕೊಡಗಟ್ಟಲೆ ಸುರಿದರೂ ಬಿರುಕು ಕುಡಿದುಬಿಡುತ್ತೆ. ಹಾಗಾಗಿ ನಾನು ಹಿಂದಿನ ಸಂಜೆಯೇ ಗುಂಡಿ ತುಂಬಿಸಿ, ರಾತ್ರಿ ಮತ್ತೆ ತುಂಬಿಸಿ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬೆಳಿಗ್ಗೆ ಅಳತೆ ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬೆರಳು ಅಗಲವೂ ಇಳಿದಿರಲಿಲ್ಲ. ಬೈಕ್ ಅಂಗಡಿ ಹುಡುಗ ಬಂದು ಇಣುಕಿ ನೋಡಿ "ಇದಕ್ಕೆ ಮೀನು ಬಿಡ್ರಿ ಅಣ್ಣಾ" ಅಂದ.

ಆಮೇಲೆ ಎರಡು ವಿಷಯ ಖಚಿತವಾಯ್ತು. ತಳದಲ್ಲಿ ಪೈಪ್ ಇಲ್ಲದೆ ಆಗಲ್ಲ. ಕಟ್ಟಡದ ಪಾಯದಿಂದ ದೂರ ಇರಲೇಬೇಕು. ಎರೆ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಗೋಡೆ ಸೀಳೋದು ಹಾಗೇ. ನಾನು ಹತ್ತು ಅಡಿ ಬಿಟ್ಟು ಮಾಡಿದೆ, ಜೊತೆಗೆ ಕಟ್ಟಡದ ಕಡೆಯ ಬದಿಗೆ ಕೃಷಿ ಹೊಂಡಕ್ಕೆ ಹಾಕೋ ಕಪ್ಪು ಶೀಟು ಇಳಿಬಿಟ್ಟೆ.

ಅಳತೆಯ ಲೆಕ್ಕ ಹೀಗೆ. ಛಾವಣಿ, ಅಂಗಳ ಸೇರಿ ಸುಮಾರು 3,200 ಚದರ ಅಡಿ, ಅಂದ್ರೆ 300 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 25 ಮಿ.ಮೀ. ಮಳೆಗೆ 7,500 ಲೀಟರ್, ಆವಿ, ಒದ್ದೆ ಅಂತ ಹತ್ತು ಪರ್ಸೆಂಟ್ ಕಳೆದರೆ 6,750. ತೋಟಕ್ಕೆ 20 ಚದರ ಮೀಟರ್ ತೆಗೆದುಕೊಂಡೆ. ಮೇಲೆ 25 ಸೆಂ.ಮೀ. ನೀರು ನಿಲ್ಲೋ ತಗ್ಗು, ಬದಿಯ ಇಳಿಜಾರು ಕಳೆದರೆ ನಾಲ್ಕು ಸಾವಿರ ಚಿಲ್ಲರೆ ಲೀಟರ್. ಅದರ ಕೆಳಗೆ 60 ಸೆಂ.ಮೀ. ಮರಳು ಮಿಶ್ರಣ, ಐದರಲ್ಲಿ ಒಂದು ಭಾಗ ಸಂದು ಅಂತ ಹಿಡಿದರೆ 2,400. ಅಲ್ಲಿಗೆ ಸರಿಯಾಯ್ತು. ತಳದ ಜಲ್ಲಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಒಟ್ಟಿನಲ್ಲಿ ನೀರು ಬರೋ ಜಾಗದ ನೂರಕ್ಕೆ ಐದರಿಂದ ಹತ್ತು ಪಾಲು ತೋಟಕ್ಕೆ ಬೇಕು. ಇದಕ್ಕೆ ಹೋದದ್ದು ಹೆಚ್ಚುಕಮ್ಮಿ ಎರಡು ಕಾರು ನಿಲ್ಲಿಸೋ ಜಾಗ. ಭಾವನನ್ನು ಒಪ್ಪಿಸಿದ್ದು ನಾನಲ್ಲ, ಅಕ್ಕ. ಮಳೆಗಾಲದಲ್ಲಿ ಗೇಟಿನ ಹತ್ತಿರ ಪಾದ ಮುಳುಗೋಷ್ಟು ನೀರು ನಿಲ್ತಿತ್ತು, ಅದು ಹೋಗುತ್ತೆ ಅಂತಾದ್ರೆ ಅಗೀರಿ ಅಂದಳು.

ಅಗೆಯೋಕೆ ಜೆಸಿಬಿ ಕರೆಸಿದ್ರೂ ಗುಂಡಿಯೊಳಗೆ ಇಳಿಸಬೇಡಿ, ಹೊರಗೆ ನಿಂತೇ ತೋಡಲಿ. ಬಕೆಟ್ಟು ಉಜ್ಜಿದ ಕಡೆ ಎರೆ ನುಣ್ಣಗೆ ಮೆತ್ತಿಕೊಂಡಿರುತ್ತೆ, ಅದನ್ನು ಗುದ್ದಲಿಯಿಂದ ಕೆರೆದು ಬಿಡಿಸಬೇಕು. ಇದ್ದ ಚೂರುಪಾರು ಇಂಗುವಿಕೆಯನ್ನೂ ಯಾಕೆ ಕಳ್ಕೊಳ್ಳೋದು.

ತಳಕ್ಕೆ ತೊಳೆದ 20 ಎಂಎಂ ಜಲ್ಲಿ ಒಂದಡಿ. ಅದರೊಳಗೆ ನಾಲ್ಕಿಂಚಿನ ಪಿವಿಸಿ ಪೈಪು, ಉದ್ದಕ್ಕೂ ತೂತು ಹೊಡೆದದ್ದು. ಮೇಲೆ ನಾಲ್ಕು ಇಂಚು ಬೇಬಿ ಜಲ್ಲಿ. ಅದರ ಮೇಲೆ ಸೋಸೋ ಬಟ್ಟೆ ಹಾಸೋಣ ಅಂತ ಮೇಸ್ತ್ರಿ ಹೇಳಿದ, ಬೇಡ ಅಂದೆ. ಮಣ್ಣಿಗೂ ಜಲ್ಲಿಗೂ ನಡುವೆ ಬಟ್ಟೆ ಹಾಸಿದರೆ ಅದರ ಮೇಲೆ ನಯ ಮಣ್ಣು ಕೂತು, ಕಾಲಾಂತರದಲ್ಲಿ ಅದೇ ಮುಚ್ಚಳ ಆಗುತ್ತೆ. ಸಣ್ಣ ಜಲ್ಲಿಯ ಪದರ ಸಾಕು.

ಪೈಪಿನ ಹೊರಬಾಯಿಗೆ ಎಲ್ಬೋ ಹಾಕಿ ಒಂದಡಿ ಮೇಲಕ್ಕೆ ತಿರುಗಿಸಿದೆ. ಮೇಸ್ತ್ರಿ ತಲೆ ಕೆರೆದುಕೊಂಡು "ಸಾರ್, ಇದು ಉಲ್ಟಾ ಆಯ್ತಲ್ಲ. ನೀರು ಹೋಗ್ಲಿ ಅಂತ ಪೈಪ್ ಹಾಕಿ ಬಾಯಿ ಮೇಲೆ ಮಾಡಿದ್ರೆ ಹೆಂಗೆ?" ಅಂದ. ಕೇಳಬೇಕಾದ ಪ್ರಶ್ನೆಯೇ. ಬಾಯಿ ಮೇಲಿದ್ದರೆ ತಳದ ಜಲ್ಲಿಯಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತೆ, ಅದಕ್ಕೇ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ನಿಂತ ನೀರಲ್ಲಿ ಗಾಳಿ ಇರಲ್ಲ. ಗಾಳಿ ಇಲ್ಲದ ಕಡೆ ಬದುಕೋ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡ್ತವೆ. ಅವಕ್ಕೆ ಊಟಕ್ಕೆ ಅಂತ ಜಲ್ಲಿ ಜೊತೆ ಮರದ ಚೂರು ಬೆರೆಸಿದ್ದೆ. ಇದಿಲ್ಲದ ಮಳೆತೋಟ ಮಣ್ಣು, ಎಣ್ಣೆ, ಸತು, ಸೀಸ ಎಲ್ಲ ಚೆನ್ನಾಗಿ ಹಿಡಿಯುತ್ತೆ, ಆದರೆ ನೈಟ್ರೇಟ್ ಸೀದಾ ದಾಟಿ ಹೋಗುತ್ತೆ. ಸಮುದ್ರಕ್ಕೆ ತೊಂದರೆ ಕೊಡೋದರಲ್ಲಿ ಮುಖ್ಯವಾದದ್ದೇ ಅದು. ಜೊತೆಗೆ ಬೇಸಿಗೆಯಲ್ಲಿ ಗಿಡದ ಬೇರಿಗೂ ಕೆಳಗೆ ಒಂಚೂರು ತೇವ ಸಿಗುತ್ತೆ.

ಮಿಶ್ರಣ: ಆರು ಪಾಲು ಒರಟು ಮರಳು, ಮೂರು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಮರಳಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ಮಾಡೋ ಮರಳು) ತೊಳೆದು ಹಾಕಿದೆ. ಪ್ಲಾಸ್ಟರಿಂಗಿಗೆ ಬಳಸೋ ಪಿ-ಸ್ಯಾಂಡ್ ಬೇಡ, ಅದು ಗಟ್ಟಿ ಕೂರುತ್ತೆ. ನದಿ ಮರಳು ಚೆನ್ನಾಗೇ ಇರುತ್ತೆ, ಆದರೆ ನದಿ ಉಳಿಸೋಕೆ ನದಿಯನ್ನೇ ತೋಡಿ ತರೋದು ಯಾವ ನ್ಯಾಯ. ಕೆಮ್ಮಣ್ಣು ಚಿತ್ರದುರ್ಗದ ಕಡೆಯಿಂದ ಟ್ರ್ಯಾಕ್ಟರಲ್ಲಿ ಬಂತು. ಅಗೆದ ಎರೆಯನ್ನು ಒಂದು ಬುಟ್ಟಿಯೂ ವಾಪಸ್ ಹಾಕಲಿಲ್ಲ. ಗೊಬ್ಬರದ ಬಗ್ಗೆ ಎಲ್ಲರೂ ಜಗಳ ತೆಗೀತಾರೆ. "ತೋಟ ಅಂದ್ಮೇಲೆ ಕೊಟ್ಟಿಗೆ ಗೊಬ್ಬರ ಧಾರಾಳ ಇರಲಿ" ಅಂತ. ಧಾರಾಳ ಹಾಕಿದರೆ ಅದರಲ್ಲಿರೋ ರಂಜಕ ಸೋರಿ ಹೊರಬರೋ ನೀರೇ ಒಳಬಂದದ್ದಕ್ಕಿಂತ ಕೆಡುತ್ತೆ. ಈ ಗಿಡಗಳು ಇಳುವರಿ ಕೊಡಬೇಕಿಲ್ಲ, ಬದುಕಿದ್ದರೆ ಸಾಕು.

ನೀರು ಒಳಬರೋ ಕಡೆ ಎರಡಡಿ ಚೌಕದ ಇಟ್ಟಿಗೆ ಗುಂಡಿ, ಅದಕ್ಕೆ ಜಾಲರಿ, ಆಮೇಲೆ ವೇಗ ಮುರಿಯೋಕೆ ಒಂದಿಷ್ಟು ಕಾಡುಗಲ್ಲು. ಇನ್ನೊಂದು ತುದಿಯಲ್ಲಿ ತುಂಬಿದರೆ ಹೊರಹೋಗೋಕೆ ಎತ್ತರದ ಪೈಪು. ಚರಂಡಿಗೆ ಜೋಡಿಸೋ ಮುಂಚೆ ಸಂಬಂಧಪಟ್ಟವರಿಗೆ ಅರ್ಜಿ ಕೊಟ್ಟು ಮಾಡಿ, ಆಮೇಲಿನ ತಲೆನೋವು ಬೇಡ.

ಗಿಡಗಳು ಎರಡು ಶಿಕ್ಷೆ ತಡೀಬೇಕು: ಮಳೆಗಾಲದಲ್ಲಿ ಮುಳುಗೋದು, ಡಿಸೆಂಬರಿಂದ ಏಪ್ರಿಲ್‌ವರೆಗೆ ಒಣಗೋದು. ನಡುವೆ ಲಾವಂಚ, ಕ್ಯಾನಾ, ಬದಿಗೆ ಗರಿಕೆ. ಎದುರು ಮನೆ ಆಂಟಿ ಮಜ್ಜಿಗೆ ಹುಲ್ಲು ಹಾಕಿ, ಟೀಗೆ ಆಗುತ್ತೆ ಅಂದರು. ಬೈಕ್ ಅಂಗಡಿ ಎಣ್ಣೆ, ಟೈರಿನ ಪುಡಿ ಹಿಡಿಯೋ ಜಾಗದಲ್ಲಿ ತಿನ್ನೋದು, ಕುಡಿಯೋದು ಏನೂ ಬೆಳೀಬಾರದು. ಅವರಿಗೆ ಬೇರೆ ಕುಂಡದಲ್ಲಿ ಹಾಕಿಕೊಟ್ಟೆ.

ರೈತರು ಭರಣಿ ಮಳೆಗೆ ಕಾದಿರ್ತಾರೆ, ಭರಣಿ ಬಂದರೆ ಧರಣಿ ಬೆಳೆ ಅಂತ. ಊರಿನ ಚರಂಡಿಗೆ ಮಾತ್ರ ಅದೇ ವರ್ಷದ ಅತಿ ಹೊಲಸು ನೀರು. ತಿಂಗಳುಗಟ್ಟಲೆ ನೆಲದ ಮೇಲೆ ಕೂತದ್ದೆಲ್ಲ ಒಂದೇ ಸಲ ಎದ್ದು ಬರುತ್ತೆ. ಅವತ್ತು ಕೊಡೆ ಹಿಡಿದು ನೀರಿನ ಬಾಟಲಿಗಳಲ್ಲಿ ತುಂಬಿಸಿಕೊಂಡೆ. ಮಳೆ ಹಿಡಿದ ಕೂಡಲೇ ಒಂದು, ಕಾಲು ಗಂಟೆ ಬಿಟ್ಟು ಒಂದು, ಇನ್ನಷ್ಟು ತಡೆದು ಒಂದು, ಕೊನೆಗೆ ಕೆಳಗಿನ ಪೈಪಿಂದ ಒಂದು. ಮೊದಲನೆಯದು ಕಾಫಿ ಡಿಕಾಕ್ಷನ್ ಥರ ಇತ್ತು, ಮೇಲೆ ಎಣ್ಣೆಯ ಬಣ್ಣ. ಮಾರನೇ ದಿನ ನೋಡಿದರೆ ತಳದಲ್ಲಿ ಹೆಬ್ಬೆರಳು ದಪ್ಪ ಕಪ್ಪು ಕೆಸರು. ಎರಡನೆಯದರಲ್ಲಿ ಅದರ ಕಾಲು ಭಾಗವೂ ಇಲ್ಲ. ಮೂರನೆಯದು ಮಸುಕು ಅಷ್ಟೇ. ಪೈಪಿಂದ ಬಂದದ್ದು ತಿಳಿ. ಭಾವ ಆ ಬಾಟಲಿಗಳನ್ನು ಅಂಗಡಿ ಕಟ್ಟೆ ಮೇಲೆ ಸಾಲಾಗಿ ಇಟ್ಟು ಬಂದೋರಿಗೆಲ್ಲ ತೋರಿಸಿದರು. ತಿಳಿ ಕಂಡದ್ದೆಲ್ಲ ಶುದ್ಧ ಅಲ್ಲ ಅಂತ ನಾನು ಹೇಳ್ತಾನೇ ಇದ್ದೆ, ನೈಟ್ರೇಟಿಗೆ ಬಣ್ಣ ಇಲ್ಲ. ಯಾರು ಕೇಳ್ತಾರೆ.

ಇಟ್ಟಿಗೆ ಗುಂಡಿಯಲ್ಲಿ ಸಿಕ್ಕಿದ್ದು: ಗುಟ್ಕಾ ಚೀಟಿ ಎಷ್ಟೋ, ಹಾಲಿನ ಪ್ಯಾಕೆಟಿನ ಕತ್ತರಿಸಿದ ಮೂಲೆಗಳು, ಬಾಟಲಿ ಮುಚ್ಚಳ, ಒಂದು ಬ್ರೇಕ್ ಕೇಬಲ್, ಮತ್ತೆ ಕೈಗೆ ಹತ್ತಿದರೆ ಸೋಪಿಗೂ ಹೋಗದ ಕಪ್ಪು ಮಡ್ಡಿ. ದೊಡ್ಡ ಮಳೆ ಆದಾಗೆಲ್ಲ ಇದನ್ನು ಬಳಿದು ತೆಗೀಬೇಕು. ತೆಗೆಯೋರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳದೆ ಮಳೆತೋಟ ಮಾಡಲೇಬೇಡಿ. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಮೇಲಿನ ಒಂದಿಂಚು ಮಣ್ಣು ಕೆರೆದು ಬದಲಿಸಬೇಕು, ಕಾಂಗ್ರೆಸ್ ಹುಲ್ಲು ಹೂ ಬಿಡೋ ಮುಂಚೆ ಕಿತ್ತು ಹಾಕಬೇಕು.

ಸೊಳ್ಳೆಯ ದೂರು ಬಂದೇ ಬರುತ್ತೆ. ಮೊಟ್ಟೆ ಸೊಳ್ಳೆ ಆಗಿ ಹಾರೋಕೆ ಸುಮಾರು ಒಂದು ವಾರ ಬೇಕು. ತೋಟದ ಮೇಲೆ ನೀರು ಎರಡು ದಿನಕ್ಕಿಂತ ಜಾಸ್ತಿ ನಿಲ್ಲಬಾರದು ಅನ್ನೋ ನಿಯಮ ಅದಕ್ಕೇ. ನಮ್ಮದು ಸಂಜೆ ತುಂಬಿದರೆ ಬೆಳಿಗ್ಗೆ ಖಾಲಿ. ತಳದಲ್ಲಿ ನಿಂತ ನೀರು ಜಲ್ಲಿಯ ಒಳಗಿರೋದು, ಅಲ್ಲಿಗೆ ಸೊಳ್ಳೆ ಇಳಿಯಲ್ಲ. ಪೈಪಿನ ಹೊರಬಾಯಿಗೆ ಜಾಲರಿ ಕಟ್ಟಿ, ಅಷ್ಟೇ.

ದೊಡ್ಡ ತಲೆನೋವು ಪಕ್ಕದ ದೋಸೆ ಹೋಟೆಲಿನದ್ದು. ಅವರ ಪಾತ್ರೆ ತೊಳೆದ ನೀರು ಮಳೆ ಚರಂಡಿಗೇ ಬಿಡ್ತಾರೆ. ದಾವಣಗೆರೆ ಬೆಣ್ಣೆ ದೋಸೆ ತಟ್ಟೆ ತೊಳೆದ ನೀರು ಅಂದ್ರೆ ಗೊತ್ತಲ್ಲ, ತಣ್ಣಗಾದ ಮೇಲೆ ಜಿಡ್ಡು ಗಟ್ಟಿಯಾಗಿ ಮರಳಿನ ಸಂದೆಲ್ಲ ಮುಚ್ಚುತ್ತೆ. ಅಂಥ ನೀರು ಮಳೆತೋಟಕ್ಕೆ ಒಂದು ಬಕೆಟ್ಟೂ ಬರಬಾರದು, ಅದು ಒಳಚರಂಡಿಗೆ ಹೋಗಬೇಕು. ಮಾತಾಡಿ ನೋಡಿದೆವು, ನೋಡೋಣ ಅಂದರು, ನೋಡ್ತಾನೇ ಇದ್ದಾರೆ. ಸದ್ಯಕ್ಕೆ ನಡುವೆ ಒಂದಡಿ ಎತ್ತರದ ಕಟ್ಟೆ ಕಟ್ಟಿದ್ದೀವಿ.

ಚಿತ್ರದುರ್ಗದ ಗೆಳೆಯರೊಬ್ಬರು ಬಾಟಲಿ ನೋಡಿ ತಮ್ಮ ಮನೆಗೂ ಬೇಕು ಅಂದರು. ಅಲ್ಲಿ ಗರಸು ಮಣ್ಣು, ಗುಂಡಿಯ ನೀರು ಕಣ್ಣೆದುರಿಗೇ ಇಳೀತು. ತಳದ ಪೈಪೂ ಬೇಡ, ಎಲ್ಬೋನೂ ಬೇಡ, ಬರೀ ತಗ್ಗು, ಮರಳು, ಗಿಡ. ಕೋಟೆ ನೋಡಿದೋರಿಗೆ ಹೊಸದಾಗಿ ಹೇಳಬೇಕಿಲ್ಲ: ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಊರಲ್ಲಿ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಂತ ಹಂತವಾಗಿ ತಡೆದು ಇಳಿಸೋದು ಆ ಊರಿಗೆ ಹಳೆಯ ಅಭ್ಯಾಸ. ಆದರೆ ಅಲ್ಲಿ ಬೋರ್‌ವೆಲ್ ಪಕ್ಕದಲ್ಲೇ ಇದ್ದರೆ ರಸ್ತೆ ನೀರು ಬಿಡಬೇಡಿ, ಛಾವಣಿಯದ್ದು ಮಾತ್ರ ಬಿಡಿ. ಬೇಗ ಇಂಗೋ ನೆಲದಲ್ಲಿ ಹೊಲಸೂ ಬೇಗ ಇಳಿಯುತ್ತೆ.

ದುಡ್ಡು ಜಾಸ್ತಿ ಹೋದದ್ದು ಅಗೆಯೋಕೆ ಮತ್ತೆ ಎರೆಮಣ್ಣು ಸಾಗಿಸೋಕೆ. ಗಿಡದ್ದು ಏನೇನೂ ಅಲ್ಲ. ಎರೆ ಬೇಕು ಅನ್ನೋ ಹೊಲದೋರು ಇದ್ದರೆ ಮೊದಲೇ ಮಾತಾಡಿ, ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತೆ. ಅಗೆತ ಮಾರ್ಚ್ ಒಳಗೆ ಮುಗಿಸಿ. ಒಂದು ಅಡ್ಡ ಮಳೆ ಬಿದ್ದರೂ ಸಾಕು, ಎರೆ ಗುದ್ದಲಿಗೆ ಮೆತ್ತಿಕೊಂಡು ಆಳುಗಳು ಕೈ ಎತ್ತಿಬಿಡ್ತಾರೆ. ಲಾವಂಚದ ಸಸಿ ಮಾತ್ರ ಜೂನ್ ಬರಲಿ, ಆಮೇಲೆ ನೆಡಿ.