ತೂರಾಡುವುದು, ಅಡ್ಡಾಡುವುದು: ನಡಿಗೆಯ ಇಂಗ್ಲಿಷ್ ಕ್ರಿಯಾಪದಗಳನ್ನು ನಾನು ಕಲಿತ ಬಗೆ

ಸ್ಟ್ಯಾಗರ್, ಟಾಟರ್, ರೀಲ್, ಲರ್ಚ್. ಕನ್ನಡದಲ್ಲಿ ಅರ್ಥ ಬರೆಯಹೊರಟರೆ ನಾಲ್ಕಕ್ಕೂ 'ತೂರಾಡು' ಅಂತಲೇ ಬಂದುಬಿಡುತ್ತದೆ. ಹಾಗೆ ಬಾಯಿಪಾಠ ಮಾಡಿದರೆ 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಸಾಕು, ಸ್ವಂತ ವಾಕ್ಯಕ್ಕೆ ಸಾಲದು. ಹಾಗಾಗಿ ನಾನು ನೋಟ್‌ಬುಕ್ಕಿನಲ್ಲಿ ಒಂದು ಪದಕ್ಕೆ ಒಂದು ಪುಟ ಬಿಟ್ಟು, ಅರ್ಥಕ್ಕಿಂತ ಮೊದಲು ಕಾರಣ ಬರೆಯುತ್ತೇನೆ: ಹೆಜ್ಜೆ ತಪ್ಪಿದ್ದು ಯಾವುದರಿಂದ?

ಮಲೆನಾಡಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ತೋಟದ ದಾರಿಯಲ್ಲಿ ಬೇರು ಎಡವಿ ಮುಗ್ಗರಿಸಿದರೆ ಸ್ಟಂಬಲ್. ಕಾರಣ ನೆಲದಲ್ಲಿದೆ, ಅದಕ್ಕೇ ಮುಂದೆ 'ಓವರ್' ಬರುತ್ತದೆ: ಹಿ ಸ್ಟಂಬಲ್ಡ್ ಓವರ್ ಎ ರೂಟ್. ಅಡಿಕೆ ಗೊನೆಯ ಹೊರೆ ಹೊತ್ತವನ ಕಾಲು ಅತ್ತಿತ್ತ ಹೋದರೆ ಸ್ಟ್ಯಾಗರ್. ಭಾರ, ಸುಸ್ತು, ಪೆಟ್ಟು, ಕುಡಿತ ಯಾವುದೇ ಇರಲಿ, ಇಲ್ಲಿ ಹಿಡಿತ ತಪ್ಪಿರುವುದು ಮೈಗೆ. ಹೊರೆಯಿಂದಾದರೆ 'ಅಂಡರ್' ಸೇರಿಸಬೇಕು. ರೀಲ್ ಎಂದರೆ ತಲೆ ಸುತ್ತಿದಂತೆ ಅಥವಾ ಏಟು ಬಿದ್ದಂತೆ ಹಿಂದಕ್ಕೆ ವಾಲುವುದು. ಲರ್ಚ್ ಥಟ್ಟನೆ ಆಗುವಂಥದ್ದು; ಘಾಟಿಯ ತಿರುವಿನಲ್ಲಿ ಬಸ್ಸೂ ಲರ್ಚ್ ಆಗುತ್ತದೆ, ಒಳಗೆ ನಿಂತವರೂ ಆಗುತ್ತಾರೆ. ಟಾಟರ್‌ನಲ್ಲಿ ಕಾಲಿಗೇ ಬಲವಿಲ್ಲ, ಈಗಲೋ ಆಗಲೋ ಬೀಳುವ ಹಾಗೆ. ಪುಟ್ಟ ಮಗುವಿನ ತಪ್ಪುಹೆಜ್ಜೆಗೆ ಟಾಡಲ್. ಆ ವಯಸ್ಸಿನ ಮಗು ಟಾಡ್ಲರ್ ಆದದ್ದು ಹಾಗೆ. ಪಾಚಿಗಟ್ಟಿದ ಅಂಗಳದಲ್ಲಿ ಪಾದ ಎತ್ತದೆ ಎಳೆದುಕೊಂಡು ಹೋಗುತ್ತೇವಲ್ಲ, ಅದು ಶಫಲ್.

ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ವಾಕ್ಯದ ಕಟ್ಟಿನಲ್ಲಿ. 'ಕುಂಟುತ್ತಾ ಒಳಗೆ ಬಂದಳು' ಎನ್ನುವಾಗ ನಮಗೆ ಮುಖ್ಯ ಕ್ರಿಯಾಪದ 'ಬಂದಳು'. ಇಂಗ್ಲಿಷ್ ಸಾಮಾನ್ಯವಾಗಿ ಕುಂಟುವುದನ್ನೇ ಮುಖ್ಯ ಕ್ರಿಯೆ ಮಾಡಿ, ದಿಕ್ಕನ್ನು ಅದರ ನಂತರ ಬರುವ ಸಣ್ಣ ಪದಕ್ಕೆ ಬಿಡುತ್ತದೆ: ಶಿ ಲಿಂಪ್ಡ್ ಇನ್‌ಟು ದ ಹೌಸ್. 'ಕೇಮ್ ಲಿಂಪಿಂಗ್' ತಪ್ಪಲ್ಲ, ಆದರೆ ಪ್ರತಿ ಸಲವೂ ಹಾಗೇ ಬರೆದರೆ ಕನ್ನಡ ಇಣುಕುತ್ತದೆ. ಅಭ್ಯಾಸಕ್ಕೆ ಒಂದೊಂದು ಪದವನ್ನೂ ಭೂತಕಾಲದಲ್ಲಿ ನಾಲ್ಕು ದಿಕ್ಕಿಗೆ ಓಡಿಸಿ: ಮನೆಯೊಳಗೆ ಇನ್‌ಟು, ತೋಟದಿಂದ ಔಟ್ ಆಫ್, ಸಂಕ ದಾಟಲು ಅಕ್ರಾಸ್, ಪೇಟೆ ಕಡೆಗೆ ಟುವರ್ಡ್ಸ್. ಇಲ್ಲಿ ಹೇಳಿದ ಕ್ರಿಯಾಪದಗಳೆಲ್ಲ 'ಇಡಿ' (-ed) ಹಚ್ಚಿದರೆ ಭೂತಕಾಲವಾಗುತ್ತವೆ, ಆ ಚಿಂತೆ ಬೇಡ.

ಆರಾಮದ ನಡಿಗೆಯಲ್ಲಿ ಕೇಳಬೇಕಾದ್ದು ನಡೆಯುವವರ ಮನಸ್ಸು ಹೇಗಿದೆ ಎಂದು. ಸಂಜೆ ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಅಡ್ಡಾಡುವುದು ಸ್ಟ್ರೋಲ್; 'ಗೋ ಫಾರ್ ಎ ಸ್ಟ್ರೋಲ್' ಎಂದು ನಾಮಪದವಾಗಿಯೂ ಧಾರಾಳವಾಗಿ ಬಳಸಬಹುದು. ಆಂಬಲ್ ಕೂಡ ಅವಸರವಿಲ್ಲದ ನಡೆ. ಒಂದೇ ಬದಿಯ ಎರಡು ಕಾಲನ್ನು ಒಟ್ಟಿಗೆ ಎತ್ತಿಡುವ ಕುದುರೆಯ ನಡಿಗೆಗೂ ಇದೇ ಹೆಸರು. ಸಾಂಟರ್ ಬಳಸುವಾಗ ಮಾತ್ರ ಎಚ್ಚರ ಬೇಕು. ಮೀಟಿಂಗ್ ಶುರುವಾಗಿ ಅರ್ಧ ಗಂಟೆಯಾದ ಮೇಲೆ, ಏನೂ ಆಗಿಲ್ಲವೆಂಬಂತೆ ಒಳಗೆ ಬರುವವನಿಗೆ ಅದು ಸರಿಯಾಗಿ ಒಪ್ಪುತ್ತದೆ. ಹಿರಿಯರ ಬಗ್ಗೆ ಗೌರವದಿಂದ ಬರೆಯುವಾಗ ಅದನ್ನು ಹಾಕಿದರೆ ಉಡಾಫೆಯ ವಾಸನೆ ಬರಬಹುದು, ಅಲ್ಲಿ ಸ್ಟ್ರೋಲ್ ಸಾಕು. ಈ ಮೂರಕ್ಕೂ 'ಸ್ಲೋಲಿ' ಅಂಟಿಸುವ ಚಟ ಬಿಡಬೇಕು, ನಿಧಾನ ಒಳಗೇ ಇದೆ.

ಪುಟದ ಕೆಳಗೆ ಒಂದು ಗೆರೆ ಎಳೆದು ಬೇರೆ ಅರ್ಥಗಳನ್ನೂ ಬರೆದಿಡಿ. ಲಿಂಪ್ ಗುಣವಾಚಕವಾದರೆ ಜೋತುಬಿದ್ದ, ಕಸುವಿಲ್ಲದ ಎಂದರ್ಥ. ಪತ್ರಿಕೆಗಳಲ್ಲಿ ಕಾಣುವ 'ಸ್ಟ್ಯಾಗರ್ಡ್ ಟೈಮಿಂಗ್ಸ್' ಎಂದರೆ ಎಲ್ಲರೂ ಒಟ್ಟಿಗೆ ನುಗ್ಗದಂತೆ ಗುಂಪಿಗೊಂದು ಹೊತ್ತು ಗೊತ್ತುಮಾಡುವುದು.